ನಶ್ಯದ ಡಬ್ಬಿ ಹುಡುಕಲು ಹೋಗಿ ಗಂಡಿನ ಕಡೆಯವನಾದದ್ದು

…ಅಥವಾ ಆ ನಶ್ಯದ ಡಬ್ಬಿ ಹಸಿರು ಬಣ್ಣದ್ದೇ ಆಗಿರಲಿಲ್ಲವೋ ಏನೋ. ಹಸಿರು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿಯೇ ಅದು ಹಸಿರಾಗಿರಲೂಬಹುದು. ಊರು ಸಿಂಧಘಟ್ಟ ಎನ್ನುವುದೂ ಅಷ್ಟೇ ಭದ್ರ. ಅದು ಬೂಕನಕೆರೆಯ ಕಡೆಯ ಯಾವುದೋ ಊರು ಎಂದು ನನ್ನ ಸಹೋದ್ಯೋಗಿಯಾಗಿದ್ದ ಚಂದ್ರಪ್ಪ ವಾದಿಸುತ್ತಾನೆ. ಅವನ ವಾದ ಅಲ್ಲಿಗೇ ನಿಲ್ಲುವುದಿಲ್ಲ; ಆ ದಿನ ಅಲ್ಲಿಗೆ ಹೋದವನು ತಾನೇ, ನೀನು ಕೇಳಿದ್ದನ್ನು ಕಂಡದ್ದಾಗಿ ಮಾಡಿಕೊಂಡಿದ್ದೀಯ ಎಂದೂ ಅನ್ನುತ್ತಾನೆ. ನೆನಪಿನ ವಿಷಯದಲ್ಲಿ ನಾನು ಯಾರೊಂದಿಗೂ ಪಂಥ ಕಟ್ಟುವವನಲ್ಲ. ಆದರೆ ಆ ಮನೆಯ ಮಜ್ಜಿಗೆಗೆ ಉಪ್ಪು ಜಾಸ್ತಿಯಾಗಿತ್ತು ಎಂಬುದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಈ ಒಂದೇ ಸಾಕ್ಷಿಯ ಬಲದ ಮೇಲೆ ಮುಂದುವರಿಯುತ್ತೇನೆ. ಓದುಗರು ಅನುಮಾನವನ್ನು ಜೊತೆಯಲ್ಲೇ ಇಟ್ಟುಕೊಂಡು ಬರಬಹುದು.

ತೊಂಬತ್ತರ ದಶಕದ ಕೊನೆಯ ಭಾಗ. ಮೈಸೂರಿನಲ್ಲಿ ಕಂಪ್ಯೂಟರ್ ಮಾರಿ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿಯಲ್ಲಿ ನಾನೂ ಚಂದ್ರಪ್ಪನೂ ಕೆಲಸಕ್ಕಿದ್ದೆವು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ಗಿರಾಕಿಗಳ ಬಳಿಗೆ ಸರದಿಯ ಮೇಲೆ ಬಸ್ಸಿನಲ್ಲಿ ಹೋಗಿ, ಕಪ್ಪು ಪರದೆಯ ಡಾಸ್ ವ್ಯವಸ್ಥೆಯನ್ನು ಕಿತ್ತು, ಬಣ್ಣಬಣ್ಣದ ಚಿತ್ರಗಳ ಹೊಸ ವ್ಯವಸ್ಥೆಯನ್ನು ಹಾಕಿ ಬರುವುದು ನಮ್ಮ ಕಸುಬು. ಹಳೆಯದರಲ್ಲಿ ಒಂದು ಕಡತ ಬೇಕೆಂದರೆ ಅದರ ವಂಶಾವಳಿಯನ್ನೆಲ್ಲ, ಹೆಸರು ಹೆಸರಿನ ನಡುವೆ ಓರೆಗೆರೆ ಹಾಕುತ್ತ, ತಪ್ಪಿಲ್ಲದೆ ಒಪ್ಪಿಸಬೇಕಿತ್ತು. ಹೊಸದರಲ್ಲಿ ಸಂತೆಯಲ್ಲಿ ಬದನೆಕಾಯಿ ತೋರಿಸುವಂತೆ ಬಾಣದ ಗುರುತಿನಿಂದ ತೋರಿಸಿದರೆ ಮುಗಿಯಿತು. ಕಷ್ಟಪಟ್ಟು ಕಲಿತ ವಿದ್ಯೆ ಹಳತಾಗುವುದು ಒಂದು ಅವಮಾನ; ಅದನ್ನು ಹಳತು ಮಾಡುವ ಕೂಲಿಯೂ ನಮ್ಮ ಪಾಲಿಗೇ ಬಂದದ್ದು ಇನ್ನೊಂದು.

ಈ ಸಂಕಟದ ಸಮಾಧಾನಕ್ಕೆಂದು ಒಂದು ಆಟ ಹೂಡಿದೆವು. ಪ್ರವಾಸ ಹೋದವನು ಖಾಲಿ ನಶ್ಯದ ಡಬ್ಬಿಯೊಂದನ್ನು ಎಲ್ಲಾದರೂ ಅಡಗಿಸಿಟ್ಟು, ಅದರ ವಿಳಾಸವನ್ನು ಡಾಸ್ ಶೈಲಿಯಲ್ಲೇ ಹೇಳಬೇಕು: ತಾಲ್ಲೂಕು, ಓರೆಗೆರೆ, ಊರು, ಓರೆಗೆರೆ, ಮರ, ಓರೆಗೆರೆ, ಪೊಟರೆ. ಮುಂದಿನ ಸರದಿಯವನು ಹುಡುಕಿ ತೆಗೆದು ಬೇರೆಡೆ ಇಡಬೇಕು. ಲೋಕದಲ್ಲಿ ಜನ ಉಪಗ್ರಹಗಳ ನೆರವಿನಿಂದ ಇದೇ ಆಟ ಆಡುತ್ತಾರೆಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ನಮಗೆ ಉಪಗ್ರಹವಿರಲಿಲ್ಲ, ಕೆ.ಆರ್. ಪೇಟೆ ಬಸ್ಸಿನ ಕಂಡಕ್ಟರಿದ್ದ. ಶ್ರೀರಂಗಪಟ್ಟಣದ ಕೋಟೆಗೋಡೆಯ ಸಂದಿನಲ್ಲಿಟ್ಟದ್ದನ್ನು ಕೋತಿ ಒಯ್ದಿತೆಂದು ಚಂದ್ರಪ್ಪ ಹೇಳಿದ. ಇಟ್ಟೇ ಇರಲಿಲ್ಲವೆಂದು ನನ್ನ ಗುಮಾನಿ.

ಆಟದಲ್ಲಿದ್ದ ದೋಷ ನಮಗೆ ಹೊಳೆದಿರಲಿಲ್ಲ. ಈ ಸೀಮೆಯಲ್ಲಿ ಯಾರಿಗೂ ಒಬ್ಬಂಟಿಯಾಗಿ ಏನನ್ನೂ ಹುಡುಕಲಾಗುವುದಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಅಪರಿಚಿತನೊಬ್ಬ ಹೊಲದ ಬದುವಿನಲ್ಲಿ ನಿಂತು ಅತ್ತಿತ್ತ ನೋಡಿದನೆಂದರೆ ಅವನು ಗಂಡಿನ ಕಡೆಯವನು. ಸಂಬಂಧ ಕುದುರಿಸುವ ಮೊದಲು ಹೆಣ್ಣಿನವರ ತೆಂಗೆಷ್ಟು, ಪಂಪ್‌ಸೆಟ್ಟಿನ ನೀರೆಷ್ಟು ಎಂದು ಗುಟ್ಟಾಗಿ ನೋಡಿ ಬರಲು ಒಬ್ಬನನ್ನು ಕಳಿಸುವುದು ಇಲ್ಲಿನ ಪದ್ಧತಿ. ಬಂದವನು ಬಂದ ಕಾರಣ ಹೇಳಕೂಡದು. ಏನಾದರೊಂದು ನೆಪ ಹೇಳಬೇಕು.

ಆ ದಿನ ಚಂದ್ರಪ್ಪ ಹೇಳಿದ್ದ ವಿಳಾಸ ಹಿಡಿದು ನಾನು ಸಿಂಧಘಟ್ಟದ ಹೊಲವೊಂದರ ಹುಣಸೇಮರದ ಪೊಟರೆಗೆ ಕೈ ಹಾಕಿದ್ದಾಗ ಹೊಲದ ಯಜಮಾನರಾದ ಗೌಡರು ಹಿಂದೆ ಬಂದು ನಿಂತಿದ್ದರು.

“ಏನ್ ಸ್ವಾಮಿ ಉಡುಕ್ತಾ ಇದೀರಿ?”

“ಒಂದು ನಶ್ಯದ ಡಬ್ಬಿ, ಗೌಡ್ರೇ” ಎಂದೆ, ಸತ್ಯವನ್ನೇ.

ಗೌಡರ ಮುಖ ಅರಳಿತು. “ಆಗ್ಲಿ ಬುಡಿ! ಓದ್ಸಲ ಬಂದಿದ್ದೋರು ಎಮ್ಮೆ ಕೊಳ್ಳಕ್ಕೆ ಅಂದಿದ್ರು. ಅದ್ಕೂ ಮೊದ್ಲು ಬಂದೋರು ದಾರಿ ತಪ್ಪೋಯ್ತು ಅಂದ್ರು. ಡಬ್ಬಿ ಅಂತ ಇದೇ ಮೊದ್ಲು ಕೇಳ್ತಿರೋದು. ಬನ್ನಿ, ಮನೇಲಿ ಮಜ್ಜಿಗೆ ಕುಡ್ಕಂಡು ಉಡುಕೀರಂತೆ.”

ಪೊಟರೆಯಲ್ಲಿ ಡಬ್ಬಿ ಇತ್ತು, ತೆಗೆದು ತೋರಿಸಿದೆ. ಇಷ್ಟು ಮುಂಜಾಗ್ರತೆಯಿಂದ ನೆಪವನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದ ಮನೆತನದ ಬಗ್ಗೆ ಅವರ ಗೌರವ ಇನ್ನಷ್ಟು ಹೆಚ್ಚಿದಂತೆ ಕಂಡಿತು. ನನ್ನ ಜೀವಮಾನದಲ್ಲಿ ಸತ್ಯವನ್ನು ಸುಳ್ಳೆಂದು ಮೆಚ್ಚಿಕೊಂಡವರು ಅವರೊಬ್ಬರೇ.

ಜಗಲಿಯ ಮೇಲೆ ಕೂರಿಸಿ ಗೌಡರು ಎಳನೀರು ಕೀಳಿಸಲು ಹೋದರು. ಮಜ್ಜಿಗೆ ತಂದವಳು ಅವರ ಮಗಳು. ಸಭ್ಯತೆಯ ಅತಿರೇಕದಲ್ಲಿ ನಾನು ಲೋಟವನ್ನೇ ನೋಡುತ್ತ ಕೂತೆ. ಅವಳು ಬಾಗಿಲ ಮರೆಗೆ ಸರಿದು ತಗ್ಗಿದ ದನಿಯಲ್ಲಿ ಹೇಳಿದಳು:

“ಸಾರ್, ನೀವು ಯಾರ ಕಡೆಯೋರೋ ನಂಗೊತ್ತಿಲ್ಲ. ಒಪ್ಗೆ ಅಂತ ಮಾತ್ರ ಈಗ್ಲೇ ಏಳ್ಬುಡ್ಬೇಡಿ. ಪೇಟೇಲಿ ಕಂಪ್ಯೂಟ್ರು ಕಲೀತಾ ಇದೀನಿ. ಅದು ಮುಗಿಯೋಗಂಟ ಮದ್ವೆ ಮಾತು ಆಡಲ್ಲ ಅಂತ ಅಪ್ಪ ಮಾತು ಕೊಟ್ಟವ್ರೆ.”

“ಯಾವಾಗ ಮುಗಿಯುತ್ತೆ?”

“ಈ ತಿಂಗ್ಳೇ ಮುಗೀತಿತ್ತು. ದೇವ್ರು ದೊಡ್ಡೋನು ಸಾರ್, ಹೊಸ ಸಿಸ್ಟಮ್ಮು ಬತ್ತದಂತೆ! ಕಲ್ತಿದ್ದೆಲ್ಲ ದಂಡವಂತೆ, ಮತ್ತೆ ಮೊದ್ಲಿಂದ ಕಲೀಬೇಕಂತೆ. ಅಷ್ಟ್ರೊಳ್ಗೆ ಅಲ್ಲೇ ಒಂದು ಕೆಲ್ಸ ಸಿಕ್ರೆ ನನ್ ಕಾಲ್ಮೇಲೆ ನಿಂತ್ಕೋತೀನಿ. ಆದ್ರೆ ಅಪ್ಪ ನಂಬ್ತಿಲ್ಲ. ಮದ್ವೆ ತಪ್ಪುಸ್ಕೊಳ್ಳಕ್ಕೆ ನಾನೇ ಕಟ್ಟಿರೋ ಕತೆ ಅಂತವ್ರೆ.”

ಇಡೀ ವರ್ಷ ನಾನು ಶಪಿಸುತ್ತ ಹೊತ್ತು ತಿರುಗುತ್ತಿದ್ದ ವ್ಯವಸ್ಥೆಯನ್ನು ಯಾರಾದರೂ ಇಷ್ಟು ಸಂತೋಷದಿಂದ ಎದುರುನೋಡುತ್ತಿದ್ದಾರೆಂದು ನನಗೆ ತಿಳಿದಿರಲಿಲ್ಲ. ಅವಳಿಗೆ ಬೇಕಿದ್ದದ್ದು ಅದರ ಚಿತ್ರಗಳಲ್ಲ, ಅದರಿಂದ ಸಿಗುವ ಕಾಲಾವಕಾಶ. ಆ ವ್ಯವಸ್ಥೆಯನ್ನು ನಮ್ಮ ಗಿರಾಕಿಯೇ ಆಗಿದ್ದ ಪೇಟೆಯ ಕಲಿಕಾ ಕೇಂದ್ರಕ್ಕೆ ಹಾಕಬೇಕಾದವನು ನಾನೇ ಎಂದು ಗೌಡರಿಗೆ ಹೇಳಬಹುದಿತ್ತು. ಆದರೆ ಆ ಜಗಲಿಯ ಮೇಲೆ ನನ್ನ ಸತ್ಯಕ್ಕಿದ್ದ ಬೆಲೆ ಆಗಲೇ ತಿಳಿದಿತ್ತು. ನಂಬಿಕೆ ಇದ್ದದ್ದು ಗಂಡಿನ ಕಡೆಯವನ ಮಾತಿಗೆ ಮಾತ್ರ.

ಎಳನೀರಿನೊಂದಿಗೆ ಬಂದ ಗೌಡರಿಗೆ ಆದಷ್ಟು ಗತ್ತಿನಿಂದ ಕೇಳಿದೆ: “ಹುಡುಗಿ ಪೇಟೇಲಿ ಕಂಪ್ಯೂಟರ್ ಕಲೀತಾಳೆ ಅಂತ ಕೇಳಿದ್ವಿ, ಹಳೇದೋ ಹೊಸದೋ? ಹಳೇದಾದ್ರೆ ಯಾರೂ ಕೇಳೋರಿಲ್ಲ. ಹೊಸದು ಪೂರ್ತಿ ಕಲಿತ ಮೇಲೇ ನಮ್ಮವರು ಮುಂದಿನ ಮಾತಾಡೋದು.”

ಗೌಡರು ಎಳನೀರನ್ನು ಜಗಲಿಯ ಮೇಲಿಟ್ಟರು. “ಅಂಗಾದ್ರೆ ಹೊಸಾದು ಅಂತ ನಿಜ್ವಾಗ್ಲೂ ಅದಾ? ನಾನು ಇವ್ಳು ಸುಳ್ಳೇಳ್ತಾವ್ಳೆ ಅಂದ್ಕಂಡಿದ್ದೆ.” ಒಳಗೆ ಲೋಟ ತೊಳೆಯುವ ಸದ್ದು ನಿಂತಿತು. “ಕಲೀಲಿ ಬುಡಿ. ಆದ್ರೆ ಅಷ್ಟ್ ದಿನ ನಿಮ್ಮೋರು ಕಾಯ್ತಾರಾ?”

ಇಲ್ಲದ ವರನ ಪರವಾಗಿ ತಲೆಯಾಡಿಸಿದೆ. ಹುಡುಗಿಯ ಹೆಸರು ಕೇಳಲಿಲ್ಲ; ಗಂಡಿನ ಕಡೆಯವನಿಗೆ ಅದು ಮೊದಲೇ ಗೊತ್ತಿರಬೇಕಲ್ಲ.

ಮುಂದಿನ ತಿಂಗಳೋ ಅದರಾಚೆಯ ತಿಂಗಳೋ ಕೆ.ಆರ್. ಪೇಟೆಯ ಆ ಕೇಂದ್ರಕ್ಕೆ ಹೊಸ ವ್ಯವಸ್ಥೆ ಹಾಕಲು ಹೋದೆ. ಬೆಂಚಿನ ಮೇಲೆ ಹುಡುಗಿಯರು ಸಾಲಾಗಿ ಕೂತು ನಾನು ಕೆಲಸ ಮುಗಿಸುವುದನ್ನೇ ಕಾಯುತ್ತಿದ್ದರು. ನಾನು ನೋಡಿದ್ದು ಲೋಟವನ್ನಾದ್ದರಿಂದ ಯಾವ ಮುಖವನ್ನೂ ಗುರುತಿಸಲಾಗಲಿಲ್ಲ. ಯಾರೂ ನನ್ನನ್ನು ಕಂಡು ಬೆಚ್ಚಲಿಲ್ಲ, ನಗಲಿಲ್ಲ. ಇಂಥ ಊರಿನ ಹುಡುಗಿ ಬರುತ್ತಾಳೆಯೇ ಎಂದು ಕೇಳಬಹುದಿತ್ತು. ಆದರೆ ಪೇಟೆಯಲ್ಲಿ ಗಂಡಸೊಬ್ಬ ಹುಡುಗಿಯೊಬ್ಬಳನ್ನು ವಿಚಾರಿಸಿದ ಎಂಬ ಸುದ್ದಿ ಸಂಜೆಯ ಬಸ್ಸಿಗಿಂತ ಮೊದಲೇ ಅವಳ ಊರು ತಲುಪುತ್ತಿತ್ತು. ಮರುದಿನದಿಂದ ಅವಳನ್ನು ಕಳಿಸುತ್ತಿರಲಿಲ್ಲ. ಕೇಳಲಿಲ್ಲ.

ಗೌಡರು ಇಲ್ಲದ ಬೀಗರಿಗಾಗಿ ಎಷ್ಟು ದಿನ ಕಾದರೋ, ಕಾಯದೆ ಎಮ್ಮೆ ಕೊಳ್ಳಲು ಬಂದವರಿಗೇ ಮಾತು ಕೊಟ್ಟರೋ. ಆ ಬೆಂಚಿನ ಮೇಲೆ ಅವಳಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ.