ಮಾವನಿಗೆ ರುಚಿಸಿದ ಗಿಮ್ಲೆಟ್

ಗಂಗಣ್ಣನವರು ದಿನಾ ಸಂಜೆ ಜಗಲಿಯ ಮೇಲೆ ಕೂತು ಎರಡು ಪೆಗ್ ವಿಸ್ಕಿ ಹಾಕುವುದು ಕುಂದಾಣದ ಆ ಬೀದಿಗೆಲ್ಲ ಗೊತ್ತು. ಅದರಿಂದ ಮನೆತನದ ಮಾನಕ್ಕೆ ಇಷ್ಟು ವರ್ಷದಲ್ಲಿ ಕೂದಲೆಳೆಯಷ್ಟೂ ಧಕ್ಕೆ ಬಂದಿರಲಿಲ್ಲ. ಮಾನ ಹೋಗುವ ಪ್ರಸಂಗ ಬಂದದ್ದು, ಸೊಸೆ ಪದ್ಮಶ್ರೀ ಬಾರ್ ಕೌಂಟರಿನಲ್ಲಿ ನಿಲ್ಲುತ್ತೇನೆ ಎಂದಾಗ.

ಪದ್ಮಶ್ರೀ ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ಬಿ.ಕಾಂ. ಓದಿದವಳು. ಏರ್‌ಪೋರ್ಟಿನ ಹತ್ತಿರದ ಹೋಟೆಲೊಂದರಲ್ಲಿ ಮೂರು ವರ್ಷದಿಂದ ಮದುವೆ, ಮೀಟಿಂಗುಗಳಲ್ಲಿ ಟ್ರೇ ಹೊತ್ತು ತಿರುಗುತ್ತಿದ್ದಳು. ಮನೆಗೆ ಬರುವಷ್ಟರಲ್ಲಿ ಕಾಲುಗಳು ಊದಿಕೊಂಡಿರುತ್ತಿದ್ದವು. ಟ್ರೇ ಹೊರುವವಳ ಮುಖವನ್ನು ಯಾರೂ ನೋಡುವುದಿಲ್ಲ. ಕೌಂಟರಿನ ಹಿಂದೆ ನಿಂತವರ ಹೆಸರನ್ನಾದರೂ ಕೇಳುತ್ತಾರೆ. ಈಗ ಕೌಂಟರಿಗೆ ಒಬ್ಬರು ಬೇಕಾಗಿದ್ದರು. ಸೋಮವಾರ ಮ್ಯಾನೇಜರ್ ಎದುರು ಗಿಮ್ಲೆಟ್ ಎಂಬ ಕಾಕ್‌ಟೇಲ್ ಮಾಡಿ ತೋರಿಸಬೇಕು. ಜಿನ್ನು, ನಿಂಬೆರಸ, ಸಕ್ಕರೆ ಪಾಕ, ಐಸು, ಅಷ್ಟೇ. ಅಷ್ಟೇ ಆದ್ದರಿಂದಲೇ ಕಷ್ಟ, ಎಲ್ಲಿ ತಪ್ಪಿದರೂ ನಾಲಿಗೆಗೆ ಗೊತ್ತಾಗಿಬಿಡುತ್ತದೆ.

"ಅಪ್ಪ ಹೂಂ ಅಂದ್ರೆ ನಂದೇನೂ ಇಲ್ಲ" ಎಂದು ಗಂಡ ಅನಿಲ್‌ಕುಮಾರ್ ಜಾರಿಕೊಂಡ. ಆದರೂ ಪುಣ್ಯಾತ್ಮ ದೇವನಹಳ್ಳಿಯಿಂದ ಒಂದು ಬಾಟಲಿ ಜಿನ್ ತಂದುಕೊಟ್ಟ, ಪೇಪರಿನಲ್ಲಿ ಸುತ್ತಿ, ಮೇಲೆ ಕೊತ್ತಂಬರಿ ಸೊಪ್ಪು ಹೊದಿಸಿ.

ಭಾನುವಾರ ಊಟವಾದ ಮೇಲೆ ಪದ್ಮಶ್ರೀ ಕೆಲಸಕ್ಕೆ ಇಳಿದಳು. ಅಳತೆಗೆ ಸಿಕ್ಕಿದ್ದು ಮಗಳಿಗೆ ಹಾಲು ಕುಡಿಸುತ್ತಿದ್ದ ಒಳಲೆ. ಅತ್ತೆ ಅಮ್ಮಯಮ್ಮ ಎದೆ ಹಿಡಿದುಕೊಂಡರು.

"ಅಯ್ಯೋ, ಮಗೂಗೆ ಹಾಲು ಹಾಕಿದ್ ಒಳಲೇಲಿ ಬ್ರಾಂದಿ ಅಳೀತೀಯಲ್ಲೇ!"

"ಬ್ರಾಂದಿ ಅಲ್ಲ ಅತ್ತೆ, ಜಿನ್ನು."

"ಅದಕ್ಕೇನು ತುಳಸಿ ಹಾಕಿರ್ತಾರಾ?"

ಬೈದರೂ ಅತ್ತೆಯ ಕೈ ಸುಮ್ಮನಿರಲಿಲ್ಲ. ಪದ್ಮಶ್ರೀ ನಿಂಬೆಹಣ್ಣು ಹೆಚ್ಚಿ ತಿರುಗುವಷ್ಟರಲ್ಲಿ ಪಾಕಕ್ಕೆ ಏಲಕ್ಕಿ ಬಿದ್ದಾಗಿತ್ತು. "ಪಾಕ ಅಂದ್ಮೇಲೆ ಏಲಕ್ಕಿ ಬೇಡ್ವಾ?" ಎಂದು ಅವರೇ ಕೇಳಿದರು. ಮೊದಲ ಗ್ಲಾಸು ರಾಮನವಮಿ ಪಾನಕದಂತೆ ಘಮಗುಟ್ಟಿತು. ಎರಡನೆಯದರ ಐಸು ಫ್ರಿಜ್ಜಿನಲ್ಲಿದ್ದ ದೋಸೆ ಹಿಟ್ಟಿನ ವಾಸನೆ ಹೊಡೆಯಿತು. ಮೂರನೆಯದನ್ನು ಕುಲುಕುವಾಗ ಸ್ಟೀಲ್ ಡಬ್ಬಿಯ ಮುಚ್ಚಳ ಸಡಿಲಾಗಿ ಅರ್ಧ ಜಿನ್ನು ಮೊಣಕೈವರೆಗೆ ಇಳಿಯಿತು.

ರುಚಿ ಹೇಳಲು ಮನೆಯಲ್ಲಿ ಇದ್ದ ಪಂಡಿತರು ಗಂಗಣ್ಣನವರೊಬ್ಬರೇ. ಅವರು ಒಪ್ಪಿದರೆ ಕೆಲಸಕ್ಕೂ ಒಪ್ಪಿಯಾರು ಎಂದು ಪದ್ಮಶ್ರೀ ಪ್ರತಿ ಗ್ಲಾಸನ್ನೂ ಜಗಲಿಗೆ ಒಯ್ದಳು. ಅವರು ಗಟಗಟ ಕುಡಿದು ಖಾಲಿ ಗ್ಲಾಸು ಚಾಚುತ್ತಿದ್ದರು. "ಆಸ್ಪತ್ರೆ ವಾಸ್ನೆ ಹೊಡೀತೈತೆ." "ಕಿಕ್ಕೇ ಇಲ್ವಲ್ಲಮ್ಮ." "ಒಂದ್ಚೂರು ಉಪ್ಪಿನಕಾಯಿ ತಗಂಬಾ." ಅವಳಿಗೆ ಅಳು ಬಂತು. ಹುಳಿ ಹೆಚ್ಚೋ ಸಿಹಿ ಹೆಚ್ಚೋ ಅಷ್ಟು ಹೇಳಲು ಈ ಮನುಷ್ಯನಿಗೆ ಏನು ರೋಗ?

ಸಿಟ್ಟಿನಲ್ಲೇ ಐಸಿನ ಟ್ರೇ ತಿಕ್ಕಿ ತೊಳೆದು ಹೊಸ ನೀರಿಟ್ಟಳು. ದೋಸೆ ಹಿಟ್ಟನ್ನು ಫ್ರಿಜ್ಜಿನಿಂದ ಹೊರಗಿಟ್ಟಳು. ಅತ್ತೆಯನ್ನು ಪಕ್ಕದ ಮನೆಗೆ ಸಾಗಹಾಕಿ ಬೇರೆ ಪಾಕ ಕಾಯಿಸಿದಳು. ಐಸು ಕಟ್ಟುವಷ್ಟರಲ್ಲಿ ಬಿಸಿಲು ಇಳಿದಿತ್ತು. ಒಳಲೆಯಲ್ಲಿ ಅಳೆದು, ಮುಚ್ಚಳವನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಬೆರಳು ಮರಗಟ್ಟುವವರೆಗೆ ಕುಲುಕಿ ಸೋಸಿದಳು. ಒಂದು ಹನಿ ನಾಲಿಗೆಗೆ ಹಚ್ಚಿದಾಗ ಅವಳಿಗೇ ಗೊತ್ತಾಯಿತು, ಇದು ಸರಿ.

ಗಂಗಣ್ಣನವರು ಈ ಸಲ ಗಟಗಟ ಕುಡಿಯಲಿಲ್ಲ. ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು.

"ಇದು ಸರಿಯಾಗೈತೆ ಕಣಮ್ಮ. ಹುಳಿ, ಸಿಹಿ ಎಲ್ಲಾ ಹದವಾಗೈತೆ."

ಪದ್ಮಶ್ರೀಗೆ ಕುಣಿದಾಡುವಷ್ಟು ಖುಷಿಯಾಯಿತು. "ಹಂಗಾದ್ರೆ ನಾಳೆ ಹೋಗ್ಬರ್ಲಾ ಮಾವ?"

"ಇಷ್ಟ್ ಚೆನ್ನಾಗ್ ಮಾಡೋಳು ಕಂಡೋರ್ಗೆ ಯಾಕಮ್ಮ ಮಾಡ್ಕೊಡ್ಬೇಕು? ಆ ಕೌಂಟ್ರು ಗಿಂಟ್ರು ಬೇಡ. ದಿನಾ ಸಂಜೆ ನಂಗೇ ಮಾಡ್ಕೊಡು, ಸಾಕು."

ಪದ್ಮಶ್ರೀಗೆ ಇಡೀ ಮಧ್ಯಾಹ್ನದ ಸಿಟ್ಟು ನೆತ್ತಿಗೇರಿತು. ಒಳಗೆ ಹೋಗಿ ಬಾಟಲಿ ತಂದು, ಅವರ ಕಣ್ಣೆದುರೇ ಉಳಿದದ್ದನ್ನೆಲ್ಲ ಜಗಲಿ ಪಕ್ಕ ಹರಿಯುವ ಬಚ್ಚಲ ಕಾಲುವೆಗೆ ಸುರಿದಳು.

"ನಾಳೆ ಆರು ಗಂಟೆಗೆ ಕ್ಯಾಬ್ ಬರುತ್ತೆ ಮಾವ. ಇದು ಮತ್ತೆ ಬೇಕು ಅನ್ಸಿದ್ರೆ ಕೌಂಟ್ರಿಗೇ ಬನ್ನಿ."

ಗಂಗಣ್ಣನವರು ಬೈಯಲು ಬಾಯಿ ತೆರೆದರು. ಆದರೆ ಕೈಯಲ್ಲಿದ್ದ ಗ್ಲಾಸನ್ನು ಮಾತ್ರ ಕೆಳಗಿಡಲಿಲ್ಲ.