ದೊಡ್ಡಜ್ಜನ ಹೊರಸಿನ ಕೆಳಗಿನ ಗುಂಡಿ

ದೊಡ್ಡಜ್ಜ ಕೂರಲು ಹಗ್ಗದ ಹೊರಸು ಹಾಕುವ ಮೊದಲು ಹಾರೆಯಿಂದ ನೆಲ ಕುಟ್ಟುವುದನ್ನು ಕಂಡು ಮೊಮ್ಮಕ್ಕಳು ನೀವು ನಗುತ್ತೀರಿ. ಯಾಕೆಂದು ಕೇಳಿದರೆ ಅವರು ಹೇಳುವುದಿಲ್ಲ. ನನಗೂ ಬಾಯಿಬಿಟ್ಟು ಹೇಳಲು ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಕಲ್ಲೋಳಿಯ ಈ ಮನೆಗೆ ಪಾಯಖಾನೆ ಕಟ್ಟಿಸಿದ್ದು ನಿಮ್ಮ ಅಜ್ಜ. ಆ ವರ್ಷ ಅವರಿಗೂ ಅವರ ಅಣ್ಣ ದೊಡ್ಡಜ್ಜನಿಗೂ ಮಾತಿರಲಿಲ್ಲ. ಮನೆಯ ಹಾರೆ ಕಳೆದಿತ್ತು; ತಮ್ಮನೇ ಅದನ್ನು ಅಡಗಿಸಿಟ್ಟಿದ್ದಾನೆ ಎಂದು ಅಣ್ಣನಿಗೆ ಸಿಟ್ಟು. ಎರಡು ಮನೆಗೂ ಅಂಗಳ ಒಂದೇ. ಆದರೂ ದೊಡ್ಡಜ್ಜ ವರ್ಷವಿಡೀ ಈ ಕಡೆ ಬೆನ್ನು ಮಾಡಿಯೇ ಕೂತರು. ಹಾಗಾಗಿ ಬೇವಿನ ಗಿಡದ ಕೆಳಗೆ ಪಾಯಖಾನೆಯ ಗುಂಡಿ ತೋಡಿದ್ದು, ಅದರ ಮೇಲೆ ಫರಸಿ ಕಲ್ಲಿನ ಚಪ್ಪಡಿ ಮುಚ್ಚಿ ಮಣ್ಣು ಎಳೆದದ್ದು ಯಾವುದನ್ನೂ ಅವರು ನೋಡಲಿಲ್ಲ. ಸಿಟ್ಟು ಇಳಿದ ದಿನ ಸೀದಾ ಬಂದು ಹೊರಸು ಹಾಕಿದ್ದು ಆ ಗುಂಡಿಯ ಮೇಲೆಯೇ.

ನಾನು ಗಾಬರಿಯಾಗಿ ನಿಮ್ಮ ಅಜ್ಜನನ್ನು ಒಳಗೆ ಕರೆದೆ. ಅವರು ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕರು.

"ಕೂಡ್ಲಿ ಬಿಡ. ಈಗ ಎಬ್ಬಿಸಿದ್ರ ಮತ್ತೊಂದ ವರ್ಷ ಮಾತ ಬಿಡ್ತಾನ."

ಹದಿನಾರು ವರ್ಷ ದೊಡ್ಡಜ್ಜ ಅಲ್ಲೇ ಕೂತರು. ಬೀಗರು ಬಂದರೂ ಅಲ್ಲೇ, ಪಂಚಾಯಿತಿಯವರು ಬಂದರೂ ಅಲ್ಲೇ. ನಿಮ್ಮ ಅತ್ತೆಯ ಮದುವೆ ಗಟ್ಟಿಯಾಗಿದ್ದೂ ಆ ಗುಂಡಿಯ ಮೇಲೆ. ಅಜ್ಜ ತೀರಿಕೊಂಡ ಮೇಲೆ ಈ ಗುಟ್ಟು ನನಗೂ ನಿಮ್ಮಪ್ಪನಿಗೂ ಮಾತ್ರ ಉಳಿಯಿತು.

ನಾನು ಹೇಳಬಹುದಿತ್ತಲ್ಲ ಎನ್ನುತ್ತೀರಿ. ನಮ್ಮ ಕಾಲದಲ್ಲಿ ಗಂಡನ ಅಣ್ಣನ ಜೊತೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಸೆರಗು ಹೊದ್ದು, ಗೋಡೆಗೋ ದನಕ್ಕೋ ಹೇಳಬೇಕು. ನಾನು ಎಮ್ಮೆಗೆ ಹೇಳುತ್ತಿದ್ದೆ. "ಎಮ್ಮೀ, ಊಟಕ್ಕ ಬರಬೇಕಂತ ಹೇಳವಾ" ಎಂದರೆ ಅವರು ಬರುತ್ತಿದ್ದರು. ಮೂವತ್ತೆಂಟು ವರ್ಷ ಹೀಗೇ ನಡೆಯಿತು. ಎಮ್ಮೆಗಳು ಬದಲಾದವು, ಪದ್ಧತಿ ಬದಲಾಗಲಿಲ್ಲ.

ಹೋದ ಬೇಸಿಗೆಯಲ್ಲಿ ಪಾಯಖಾನೆ ಕಟ್ಟಿಕೊಂಡು ನೀರು ಇಳಿಯದಾಯಿತು. ಅದೇ ವಾರ ನಾನು ಹೊರಸಿನ ಕೆಳಗೆ ಕಸ ಗುಡಿಸಿ ನೀರು ಚಿಮುಕಿಸಿದರೆ, ನೀರು ನಿಲ್ಲದೆ ಗುಳುಗುಳು ಎಂದು ಒಳಗೆ ಇಳಿಯಿತು. ಫರಸಿ ಒಡೆದಿದೆ ಎಂದು ತಿಳಿಯಿತು. ದೊಡ್ಡಜ್ಜ ಎಂಥ ದಪ್ಪ ಮನುಷ್ಯ, ನಿಮಗೇ ಗೊತ್ತು.

ಅವರು ಸಂತೆಗೆ ಹೋದ ದಿನ ಗುಂಡಿ ಖಾಲಿ ಮಾಡಿಸಿ ಮುಚ್ಚಿಸೋಣ, ಅವರಿಗೆ ಗೊತ್ತಾಗುವುದೇ ಬೇಡ ಎಂದು ನಾನೂ ನಿಮ್ಮಪ್ಪನೂ ಮಾತಾಡಿಕೊಂಡೆವು. ಆದರೆ ಕೆಲಸದ ಸುದ್ದಿ ಕಿವಿಗೆ ಬಿದ್ದದ್ದೇ ಅವರು ಸಂತೆ ಬಿಟ್ಟು ಉಸ್ತುವಾರಿಗೆ ನಿಂತರು. ನಿಮ್ಮಪ್ಪ ಹೊಸ ಗುಂಡಿಗೆ ಸಿಮೆಂಟ್ ರಿಂಗ್ ತರಲು ಗೋಕಾಕಕ್ಕೆ ಹೋಗಿದ್ದ.

"ಪೈಪ್ ಹಿಡದ ಹೋದ್ರ ಗುಂಡಿ ಸಿಗತೈತ್ರಿ" ಎಂದ ಕಟ್ಟಡ ಕೆಲಸದ ಗೌಂಡಿ.

"ಏ, ಅದೇನ ಬ್ಯಾಡ. ಗುಂಡಿ ಹುಡಕಾಕ ನಾ ತಿಳದಾವರನ್ನ ಕರಸೇನಿ" ಎಂದರು ದೊಡ್ಡಜ್ಜ.

ಬಂದವರು ಯಮಕನಮರಡಿ ಕಡೆಯ, ಬೋರ್‌ವೆಲ್‌ಗೆ ನೀರು ನೋಡುವ ಹಿರಿಯರು. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಇಟ್ಟುಕೊಂಡು ಅಂಗಳವೆಲ್ಲ ಸುತ್ತಿದರು. ದೊಡ್ಡಜ್ಜನ ದನಗಳಿಗೆ ಮೇವು ಹಾಕುವ ಗ್ವಾದಲಿಯ ಹತ್ತಿರ ಕಾಯಿ ಎದ್ದು ನಿಂತಿತು.

"ಇಲ್ಲಿ ನೋಡ್ರಿ, ಎರಡೂವರಿ ಇಂಚ ನೀರ ಐತಿ."

"ಅಷ್ಟ ಐತಿ ಅಂದ್ರ ಮೋಟರ್ ಕೂಡಸ್ರಿ, ಕಬ್ಬಿಗೆ ಬಿಡೂಣು" ಎಂದ ಅಗೆಯಲು ಬಂದಿದ್ದ ಜೆಸಿಬಿಯವನು.

ಅಗೆದರು. ನೀರೂ ಇಲ್ಲ, ಗುಂಡಿಯೂ ಇಲ್ಲ. ಗ್ವಾದಲಿಯ ಬುನಾದಿಯಿಂದ ತುಕ್ಕು ಹಿಡಿದ ಒಂದು ಹಾರೆ ಬಂತು. ಜಗಳಕ್ಕೆ ಮೊದಲು ಆ ಗ್ವಾದಲಿ ಕಟ್ಟಿಸಿದ್ದು ದೊಡ್ಡಜ್ಜನೇ. ತಮ್ಮ ಅಡಗಿಸಿಟ್ಟ ಎಂದ ಹಾರೆಯನ್ನು ಅಲ್ಲಿ ಮರೆತದ್ದೂ ಅವರೇ.

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಭೂಮಿ ನುಂಗಿತ್ತ ನೋಡ್ರಿ" ಎಂದರು. ಆಮೇಲೆ ಖುಷಿಯಿಂದ ಎಲ್ಲರನ್ನೂ ಚಹಾಕ್ಕೆ ಕರೆದು ಹೊರಸಿನ ಮೇಲೆ ಕೂರಿಸಿಕೊಂಡರು. ಒಡೆದ ಫರಸಿಯ ಮೇಲೆ ನಾಲ್ಕು ಮಂದಿ, ಒಂದು ಹಾರೆ.

ಚಹಾ ಕೊಡಲು ಹೋದಾಗ ನೋಡುತ್ತೇನೆ, ಹೊರಸಿನ ಒಂದು ಕಾಲು ಎರಡು ಬೆರಳಷ್ಟು ಮಣ್ಣಿನೊಳಗೆ ಇಳಿದಿದೆ. ಎಮ್ಮೆಯ ಕಡೆ ತಿರುಗಿದೆ.

"ಎಮ್ಮೀ, ಎಲ್ಲಾರೂ ಎದ್ದ ಕಟ್ಟಿ ಮ್ಯಾಲ ಕೂಡಬೇಕಂತ ಹೇಳವಾ."

"ಎಮ್ಮೀ, ಇಲ್ಲಿ ತಂಪ ಐತಿ ಅಂತ ಹೇಳು" ಎಂದರು ದೊಡ್ಡಜ್ಜ.

"ಆ ತಂಪ ಎಲ್ಲಿಂದ ಬರತೈತಿ ಅಂತ ಕೇಳವಾ."

"ಬೇವಿನ ಗಿಡದಿಂದ ಅಂತ ಹೇಳು."

ಎಮ್ಮೆ ಮೆಲುಕು ಹಾಕುತ್ತಿತ್ತು. ಹೊರಸಿನ ಕಾಲು ಇನ್ನೊಂದು ಬೆರಳು ಇಳಿಯಿತು.

"ಭಾವಾರ, ಏಳ್ರಿ! ಗುಂಡಿ ನಿಮ್ಮ ಕೆಳಗ ಐತಿ!"

ಕೂಗಿದ್ದು ನಾನೇ ಎಂದು ನನಗೂ ನಂಬಿಕೆಯಾಗಲಿಲ್ಲ. ಮೂವರು ಜಿಗಿದು ದೂರ ನಿಂತರು. ದೊಡ್ಡಜ್ಜ ಮಾತ್ರ ಏಳಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ನೀ ನನ್ನ ಕೂಡ ಮಾತಾಡಿದಿ?"

"ಹೂಂ ರೀ, ಮೊದಲ ಏಳ್ರಿ!"

ಗೌಂಡಿ ಓಡಿಬಂದು ರಟ್ಟೆ ಹಿಡಿದು ಎಳೆದ. ಅವರು ಎರಡು ಹೆಜ್ಜೆ ಈಚೆಗೆ ಬಂದಿದ್ದರೋ ಇಲ್ಲವೋ, ಫರಸಿ ದಡಕ್ಕನೆ ಕುಸಿದು ಹೊರಸು ಮೂತಿ ಕೆಳಗಾಗಿ ನಿಂತಿತು. ಚಹಾದ ಕಪ್ಪುಗಳು ಒಂದೊಂದಾಗಿ ಒಳಗೆ ಜಾರಿದವು. ಆಮೇಲೆ ಎದ್ದ ವಾಸನೆಗೆ ಎಮ್ಮೆಯೂ ಹಗ್ಗ ಜಗ್ಗಿತು. ಹಾರೆ ಮಾತ್ರ ದೊಡ್ಡಜ್ಜನ ಕೈಯಲ್ಲೇ ಇತ್ತು.

ಅದನ್ನು ಊರಿಕೊಂಡು ನಿಂತು ಕೇಳಿದರು, "ಎಷ್ಟ ವರ್ಷ ಕುಂತಿದ್ನಿ?"

"ಹದಿನಾರು ರೀ."

"ತಮ್ಮಗ ಗೊತ್ತಿತ್ತು?"

"ಗೊತ್ತಿತ್ತ ರೀ."

"ಅದಕ್ಕ ಅಂವ ಎಷ್ಟ ಕರದ್ರೂ ಬಾಜೂಕ ಕೂಡತಿದ್ದಿಲ್ಲ. ನಿಂತ ಚಾ ಕುಡೀತಿದ್ದ" ಎಂದರು. ಸಿಟ್ಟಾಗುತ್ತಾರೆ ಎಂದುಕೊಂಡೆ. ಆದರೆ ಹಾರೆಯನ್ನು ನೋಡಿ, "ಹೋಗ್ಲಿ, ಈಗ ಅಂವಂದೂ ನಂದೂ ಸಮ ಆತು" ಎಂದರು.

ಮರುದಿನ ಟ್ಯಾಂಕರ್ ಬಂದು ಹಳೆಯ ಗುಂಡಿಯನ್ನು ಹೀರಿಕೊಂಡು ಹೋಯಿತು. ಅದಕ್ಕೆ ಕಲ್ಲುಮಣ್ಣು ತುಂಬಿಸಿದೆವು. ನಿಂಬೆ ಗಿಡದಾಚೆ ಎರಡು ಹೊಸ ಗುಂಡಿ ತೋಡಿ ರಿಂಗ್ ಇಳಿಸಿದರು. ಜಾಗ ಎಲ್ಲಿ ಎಂದು ಗೌಂಡಿ ಕೇಳಿದಾಗ ದೊಡ್ಡಜ್ಜ, "ಅಕೀನ್ನ ಕೇಳು" ಎಂದರು. ನಾನು ಕೈ ಮಾಡಿ ತೋರಿಸಿದೆ.

ಈಗ ಅವರು ಎಲ್ಲಿ ಹೊರಸು ಹಾಕಿದರೂ ಮೊದಲು ಆ ಹಾರೆಯಿಂದ ನೆಲ ಕುಟ್ಟುತ್ತಾರೆ. ಕುಟ್ಟಿ ನನ್ನ ಕಡೆ ನೋಡುತ್ತಾರೆ. ನಾನು ಎಮ್ಮೆಯ ಕಡೆ ತಿರುಗದೆ, "ಕೂಡ್ರಿ ಭಾವಾರ" ಎಂದ ಮೇಲೆಯೇ ಕೂಡುತ್ತಾರೆ.