ಪಕ್ಕದ ಹಾಸಿಗೆಯ ನೀಲವ್ವ

ನೀಲವ್ವ ಗುಳಿಗೆಯನ್ನು ನೀರಿಲ್ಲದೆ ನುಂಗುತ್ತಿದ್ದಳು. ತಲೆಯನ್ನು ಹಿಂದಕ್ಕೆ ಚೆಲ್ಲಿ, ಕೋಳಿ ನೀರು ಕುಡಿಯುವ ಹಾಗೆ ಗಂಟಲೆತ್ತಿ, ಒಂದೇ ಗುಟುಕು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ನೀರೂ ಅಳತೆಯದೇ. ದಿನಕ್ಕೆ ಇಷ್ಟೇ ಎಂದು ಡಾಕ್ಟರು ಗೆರೆ ಎಳೆದಿರುತ್ತಾರೆ. ನುಂಗಿದ ಮೇಲೆ ಎದೆ ಸವರಿಕೊಂಡು, ಪಕ್ಕದ ಹಾಸಿಗೆಯಲ್ಲಿದ್ದ ನನ್ನ ಗಂಡನ ಕಡೆ ನೋಡಿ, "ಉಳಿದ ನೀರು ಚಾಕ್ಕ ಆತ್ರಿ ಅಣ್ಣಾರ" ಎನ್ನುವಳು. ನನ್ನ ಗಂಡ ನಗುತ್ತಿದ್ದರು.

ಆ ನಗುವೇ ನನಗೆ ಸೇರುತ್ತಿರಲಿಲ್ಲ. ಕಿಡ್ನಿ ಕೈಕೊಟ್ಟ ಮೇಲೆ ಬೊರಿವಲಿಯ ನಮ್ಮ ಮನೆಯಲ್ಲಿ ಇವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಕಾಯಿಪಲ್ಲೆಯನ್ನು ಬೇಯಿಸಿ, ಆ ನೀರು ಚೆಲ್ಲಿ, ಮತ್ತೆ ಬೇಯಿಸಿ, ಉಪ್ಪು ಹಾಕಿದ ಹಾಗೆ ಮಾಡಿ ಬಡಿಸುವವಳು ನಾನು. ಇವರು ತಲೆ ತಗ್ಗಿಸಿ ಉಂಡು, "ಛಲೋ ಆಗೇದ" ಎಂದು ಕೈ ತೊಳೆದುಕೊಳ್ಳುವರು. ಅಷ್ಟೇ. ಅದೇ ಮನುಷ್ಯ ವಾರಕ್ಕೆ ಮೂರು ಸಲ, ಲೋಕಲ್ ರೈಲು ಹಿಡಿದು ಪ್ರಭಾದೇವಿಯಲ್ಲಿಳಿದು, ಸೇತುವೆ ದಾಟಿ ಪರೇಲಿನ ಆಸ್ಪತ್ರೆ ಸೇರಿ, ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದೊಡನೆ ಬೇರೆಯೇ ಆಗಿಬಿಡುತ್ತಿದ್ದರು. ಎರಡು ಹಾಸಿಗೆಗಳ ನಡುವೆ ಯಂತ್ರ ಗುಂಯ್‌ಗುಡುತ್ತಿರುವಾಗ ಇವರೂ ನೀಲವ್ವನೂ ಊರಿನ ತಿಂಡಿಗಳ ಮಾತು ತೆಗೆಯುವರು. ನಾನು ಗಾಜಿನ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು, ಬಾಗಿಲು ತೆರೆದಾಗಲೆಲ್ಲ ಒಂದೊಂದು ಚೂರು ಕೇಳಿಸಿಕೊಳ್ಳುವೆ.

ನೀಲವ್ವ ಇಂಡಿ ಊರಿನ ಕಡೆಯವಳು. ಗಂಡನೊಡನೆ ಮುಂಬಯಿಗೆ ಬಂದು, ಅವನು ತೀರಿಕೊಂಡ ಮೇಲೆ ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ನಿಂಬೆಹಣ್ಣು ಮಾರಿ ಮಗಳನ್ನು ಬೆಳೆಸಿದ್ದಳು. ದೊಡ್ಡ ಮೈ, ದೊಡ್ಡ ಧ್ವನಿ. ಡಯಾಲಿಸಿಸ್ಸಿಗೆ ಬರುವಾಗಲೂ ಇಳಕಲ್ ಸೀರೆಯುಟ್ಟು, ತುರುಬಿಗೆ ಅಬ್ಬಲಿಗೆ ಮುಡಿದು ಬರುತ್ತಿದ್ದಳು. "ಮಷಿನ್ ಅಂದ್ರ ಏನ್ರಿ, ಬೀಗರು ಇದ್ದಾಂಗ. ಚಂದಾಗಿ ಹೋದ್ರ ಚಂದಾಗಿ ನೋಡ್ಕೋತೈತಿ" ಎನ್ನುವಳು. ಎಷ್ಟೋ ವರ್ಷದ ಹಿಂದೆ ಹೊಟ್ಟೆಯಲ್ಲಿ ಹುಣ್ಣಾದಾಗ ಯಾರೋ ಡಾಕ್ಟರು ಬರೆದುಕೊಟ್ಟ, ಹೊಟ್ಟೆಯ ಆಸಿಡ್ ತಗ್ಗಿಸುವ ಗುಳಿಗೆಯನ್ನು ಅವಳು ಬಿಟ್ಟೇ ಇರಲಿಲ್ಲ. ಬಿಡು ಎಂದು ಯಾರೂ ಹೇಳಿರಲಿಲ್ಲ. ಓಣಿಯ ಮೆಡಿಕಲ್ಲಿನವನು ಕೇಳದೆಯೇ ಕೊಡುತ್ತಿದ್ದ. ಸೂಜಿ ತೆಗೆದೊಡನೆ ಕೆಳಗಿನ ಕ್ಯಾಂಟೀನಿಗೆ ಹೋಗಿ ಬಟಾಟೆವಡೆ, ಜೊತೆಗೆ ಕರಿದ ಹಸಿಮೆಣಸಿನಕಾಯಿ. "ಗುಳಿಗಿ ನುಂಗೀನಲ್ಲ, ಬೆಂಕಿ ತಿಂದ್ರೂ ತಣ್ಣಗಿರತೈತಿ."

ಇವರನ್ನು ಅಣ್ಣಾ ಎಂದಳು, ಅಣ್ಣನ ಹೆಂಡತಿಯಾದ ನನ್ನನ್ನು ವೈನಿ ಎಂದಳು. ಅಣ್ಣ ಎಂದಮಾತ್ರಕ್ಕೆ ಹೊಟ್ಟೆಕಿಚ್ಚು ಆರುವುದಿಲ್ಲ. ಅವರಿಬ್ಬರ ನಡುವೆ ಏನಾದರೂ ಇತ್ತೆಂದು ನಾನು ಎಂದೂ ತಿಳಿದವಳಲ್ಲ. ಆದರೆ ಮಾತು ಇತ್ತು. ನನಗೆ ಬೇಕಾಗಿದ್ದದ್ದು ಅದೇ.

ಒಮ್ಮೆ ಧಾರವಾಡದ ಚುರಮುರಿ ಗಿರ್ಮಿಟ್ಟನ್ನು ಉಪ್ಪು ತಗ್ಗಿಸಿ, ಟೊಮೆಟೊ ಬಿಟ್ಟು ಮಾಡಿದೆ. ಇವರಿಗೆ ಇಷ್ಟದ ತಿಂಡಿ. ಎಂದಿನಂತೆ "ಛಲೋ ಆಗೇದ" ಎಂದು ತಟ್ಟೆ ಖಾಲಿ ಮಾಡಿದರು. ಮರುದಿನ ಆಸ್ಪತ್ರೆಯಲ್ಲಿ ನರ್ಸು ಬಾಗಿಲು ತೆರೆದಾಗ ಕೇಳಿಸಿತು: "ನಿನ್ನೆ ಉಪ್ಪಿಲ್ಲದ ಗಿರ್ಮಿಟ್ ತಿಂದೆ ನೀಲವ್ವ. ಥರ್ಮಾಕೋಲ್ ಅಗದ್ಹಾಂಗ ಆತು." ಇಬ್ಬರೂ ಹಾಸಿಗೆ ಅಲುಗುವಂತೆ ನಕ್ಕರು. ನಾನು ಒಳಗೆ ಹೋಗಿ, "ನನ್ನ ಮುಂದ ಹೇಳಬಾರದಂಥಾದ್ದು ಏನು ನಡದದ?" ಎಂದು ಕೇಳಿದೆ.

ಇವರು ಕಣ್ಣು ಮುಚ್ಚಿಕೊಂಡರು. ನೀಲವ್ವನೇ ಉತ್ತರ ಕೊಟ್ಟಳು. "ಇದು ರೋಗದವ್ರ ಮಾತ್ರಿ ವೈನಿ. ನಿಮಗ ತಿಳಿಯಾಂಗಿಲ್ಲ ಬಿಡ್ರಿ."

ಅವಳು ಸಹಜವಾಗಿಯೇ ಹೇಳಿದ್ದು. ನನಗೆ ಮಾತ್ರ ಕಪಾಳಕ್ಕೆ ಹೊಡೆದ ಹಾಗಾಯಿತು. ಮೈ ಸರಿಯಿರುವುದೇ ನನ್ನ ತಪ್ಪು ಎಂಬಂತೆ ಹೊರಗೆ ಬಂದು ಕೂತೆ.

ಗಣಪತಿ ಹಬ್ಬ ಕಳೆದ ಮೇಲೆ ಇವರಿಗೆ ಮಂಪರು ಹತ್ತತೊಡಗಿತು. ಟಿವಿ ನೋಡುತ್ತಲೇ ತೂಕಡಿಕೆ, ಮಾತು ತೊದಲು, ಕಾಲಲ್ಲಿ ಬಲವಿಲ್ಲ. ಒಂದು ಬೆಳಗ್ಗೆ ಲೋಕಲ್ಲಿನಲ್ಲಿ ನನ್ನ ಹೆಗಲ ಮೇಲೆ ಕುಸಿದರು. ಹೇಗೋ ಟ್ಯಾಕ್ಸಿ ಮಾಡಿ ಆಸ್ಪತ್ರೆ ಮುಟ್ಟಿಸಿದೆ. ರಕ್ತದೊತ್ತಡ ಇಳಿದಿತ್ತು. ಡಾಕ್ಟರು ಹಿಂದಿಯಲ್ಲಿ, ಬರೆದುಕೊಟ್ಟದ್ದು ಬಿಟ್ಟು ಬೇರೇನಾದರೂ ತಗೊಂಡಿದ್ದಾರೆಯೇ ಎಂದು ಕೇಳಿದರು. ಇವರು ಇಲ್ಲವೆಂದು ತಲೆಯಲ್ಲಾಡಿಸಿದರು. ನಾನೂ, ನನ್ನ ಕೈಯಿಂದ ಕೊಟ್ಟದ್ದನ್ನು ಬಿಟ್ಟು ಇವರು ಏನೂ ತಗೊಳ್ಳುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದೆ.

"ಸುಳ್ಳ ಐತಿ" ಎಂದಳು ನೀಲವ್ವ, ಪಕ್ಕದ ಹಾಸಿಗೆಯಿಂದ. ತನಗೆ ಬಂದ ಹಿಂದಿಯಲ್ಲಿ ಡಾಕ್ಟರಿಗೆ ಏನೋ ಹೇಳಿ, ನನ್ನ ಕಡೆ ತಿರುಗಿದಳು. "ಹೊಟ್ಟಿ ಉರೀತೈತಿ ಅಂತ ಗುಲಾಬಿ ಬಣ್ಣದ ಔಷಧ ಕುಡೀತಾರ್ರಿ ವೈನಿ. ಸಂಜಿಮುಂದ ಅಡ್ಡಾಡಾಕ ಅಂತ ಹೋಗಿ ನಿಮ್ಮ ಸ್ಟೇಷನ್ ಹತ್ರದ ಮೆಡಿಕಲ್‌ನ್ಯಾಗ ತಗೋತಾರ, ಅಲ್ಲೇ ಕುಡದು ಬಾಟ್ಲಿ ಒಗದು ಬರ್ತಾರ. ನಿಮಗ ಹೇಳಬ್ಯಾಡ ಅಂದಿದ್ರು. ನಾ ಹೇಳಾಕಿ ಅಲ್ಲ. ಆದ್ರ ಹಿಂಗ ಬಿದ್ದಾರಲ್ಲ."

ಆ ಔಷಧದಲ್ಲಿರುವ ಮೆಗ್ನೀಷಿಯಂ, ಕಿಡ್ನಿ ಕೆಲಸ ಮಾಡದವರ ಮೈಯಿಂದ ಹೊರಗೆ ಹೋಗದೆ ಅಲ್ಲೇ ಕೂಡಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದರು. ರಕ್ತ ಪರೀಕ್ಷೆಗೆ ಕಳಿಸಿ, ಕೂಡಲೇ ಯಂತ್ರಕ್ಕೆ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಇವರ ಮಾತು ನೆಟ್ಟಗಾಯಿತು. ಇನ್ನು ಮುಂದೆ ಆ ಬಾಟಲಿ ಮುಟ್ಟಕೂಡದು, ಬೆಳಗ್ಗೆ ತಿಂಡಿಗೆ ಮುಂಚೆ ಒಂದು ಗುಳಿಗೆ, ಅದೂ ಕೆಲವು ವಾರ ಮಾತ್ರ, ಆಮೇಲೆ ಬಂದು ಕೇಳಬೇಕು ಎಂದರು. ಹಾಗೆಯೇ ನೀಲವ್ವನ ಕಡೆ ತಿರುಗಿ, ಇದೇ ಗುಳಿಗೆಯನ್ನು ನೀನು ಎಷ್ಟು ವರ್ಷದಿಂದ ತಗೊಳ್ಳುತ್ತಿದ್ದೀ ಎಂದು ಕೇಳಿದರು. ಮಗಳ ಮದುವೆಗೂ ಮೊದಲಿನಿಂದ ಎಂದಳು. ಡಾಕ್ಟರು ಗದರಿಸಿದರು: ಡಯಾಲಿಸಿಸ್‌ನವರ ಮೂಳೆ ಮೊದಲೇ ಸವೆದಿರುತ್ತದೆ, ಈ ಗುಳಿಗೆಯನ್ನು ಹೀಗೆ ವರ್ಷಗಟ್ಟಲೆ ನುಂಗಿದರೆ ಇನ್ನಷ್ಟು ಸವೆಯಬಹುದು, ಮೆಲ್ಲಗೆ ಕಡಿಮೆ ಮಾಡೋಣ. "ಆತ್ರಿ" ಎಂದಳು. ಅವರು ಅತ್ತ ಹೋದೊಡನೆ ಗುಳಿಗೆ ತೆಗೆಯಲು ಸೊಂಟದ ಚೀಲಕ್ಕೆ ಕೈ ಹಾಕಿದಳು.

ಅವಳಿಗೆ ನಾನು ಕೈಮುಗಿಯಬೇಕಿತ್ತು. ಮುಗಿದೆ ಕೂಡ. ಆದರೆ ಒಳಗೆ ಬೇಯುತ್ತಿದ್ದದ್ದು ಬೇರೆ. ನನ್ನ ಗಂಡನಿಗೆ ಹೊಟ್ಟೆಯುರಿ ಇದೆಯೆಂಬುದು ಬೈಕುಲ್ಲಾದ ನಿಂಬೆಹಣ್ಣಿನವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗುವಾಗ ಪ್ಲಾಟ್‌ಫಾರ್ಮಿನಲ್ಲೇ ಕೇಳಿದೆ.

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಇನ್ನೊಂದು ಪದಾರ್ಥ ಬಂದ್ ಮಾಡ್ತಿದ್ದಿ ಸುಧಾ. ತಿನ್ಲಿಕ್ಕೆ ಉಳದದ್ದರ ಏನದ?"

"ಆಕಿಗೆ ಮಾತ್ರ ಹೇಳಬಹುದು?"

"ಆಕಿ ಏನೂ ಬಂದ್ ಮಾಡೂದಿಲ್ಲ. ಸುಮ್ಮನ ಕೇಳ್ತಾಳ."

ಆದರೂ ಗುಟ್ಟು ಬಿಟ್ಟುಕೊಟ್ಟಳೆಂದು ಇವರಿಗೆ ನೀಲವ್ವನ ಮೇಲೆ ಸಿಟ್ಟು. ಮುಂದಿನ ಸರದಿಗಳಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಬಾಗಿಲಾಚೆ ನಾನು ಒಳಗೊಳಗೇ ಹಿಗ್ಗಿದೆ. ಹೆಚ್ಚು ದಿನ ಉಳಿಯಲಿಲ್ಲ ಅದು. ಒಂದು ದಿನ ನೀಲವ್ವ ಗುಳಿಗೆ ನುಂಗಿ, ಮೇಲಿನ ಫ್ಯಾನಿಗೆ ಹೇಳುವವಳಂತೆ, "ಯಾರೋ ಮಾತು ಬಿಟ್ಟಾರಪಾ. ಬಿಡ್ಲಿ. ಉಸಿರಂತೂ ಬಿಟ್ಟಿಲ್ಲ" ಎಂದಳು. ಇವರ ಬೆನ್ನು ಅಲುಗಿತು. ಮತ್ತೆ ಅದೇ ನಗು.

ದೀಪಾವಳಿಯ ಹೊತ್ತಿಗೆ ನೀಲವ್ವ ತಾನಿದ್ದ ಚಾಳಿನ, ಎಂದರೆ ವಠಾರದ, ಪಡಸಾಲೆಯಲ್ಲಿ ಜಾರಿದಳು. ಜೋರಾಗಿ ಬಿದ್ದದ್ದಲ್ಲ, ಕುಕ್ಕರುಗಾಲಿನಲ್ಲಿ ಕೂತ ಹಾಗೆ ಕುಸಿದಳಂತೆ. ಸೊಂಟದ ಮೂಳೆ ಮುರಿದಿತ್ತು. ರೋಗದಿಂದ ಮೂಳೆ ಟೊಳ್ಳಾಗಿತ್ತು, ಆ ಗುಳಿಗೆಯ ಪಾಲೂ ಇದರಲ್ಲಿ ಇದ್ದೀತು, ಇಷ್ಟೇ ಎಂದು ಹೇಳಲಾಗದು ಎಂದರು ಡಾಕ್ಟರು. ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಮಲಗಿಸಿದ್ದರು. ಇವರು ಯಂತ್ರಕ್ಕೆ ಕಟ್ಟಿಕೊಂಡಿದ್ದಾಗ ನಾನೊಬ್ಬಳೇ ಮೇಲೆ ಹೋದೆ.

ಆ ದೊಡ್ಡ ಮೈ ಮಂಚದಲ್ಲಿ ಅರ್ಧವಾಗಿತ್ತು. ತುರುಬಿನಲ್ಲಿ ಹೂವಿರಲಿಲ್ಲ. ನನ್ನನ್ನು ಕಂಡು, "ಬರ್ರಿ ವೈನಿ" ಎಂದು ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡಳು.

"ಒಂದು ಹೇಳತೇನಿ, ಸಿಟ್ಟಾಗಬ್ಯಾಡ್ರಿ. ಅಣ್ಣಾರು ಬಾಯಿಬಿಟ್ಟು ಹೇಳಾವ್ರಲ್ಲ. ಹೊಟ್ಟಿ ಉರಿಯಾಕತ್ತಿದ್ರ ಬೆಲ್ಟ್ ಒಂದು ತೂತು ಸಡಲ ಮಾಡ್ತಾರ. ಎಡಗೈ ಪಕ್ಕಡಿ ಕೆಳಗ ಇಟ್ಕೋತಾರ. ಆಗ ಕೇಳ್ರಿ, ಹೇಳತಾರ."

ನನ್ನ ಗಂಡನ ಗುರುತುಗಳನ್ನು ಇವಳು ನನಗೆ ಹೇಳಿಕೊಡುತ್ತಿದ್ದಳು. ನನ್ನ ಮುಖದಲ್ಲಿ ಏನು ಕಂಡಳೋ, ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡು ನಕ್ಕಳು.

"ನಿಮಗೂ ಹೊಟ್ಟಿ ಉರೀತಿತ್ತು. ನನಗ ಗೊತ್ತೈತಿ. ಅದಕ್ಕ ಮಾತ್ರ ಗುಳಿಗಿ ಇಲ್ರಿ ವೈನಿ."

ನಾನು ಕೈ ಬಿಡಿಸಿಕೊಳ್ಳಲಿಲ್ಲ. ಅದೇ ಕೊನೆಯ ಭೇಟಿ. ಮುಂದಿನ ಸರದಿಗೆ ನಾವು ಬರುವ ಹೊತ್ತಿಗೆ ನೀಲವ್ವ ತೀರಿಕೊಂಡಿದ್ದಳು, ಮಗಳು ಬಂದು ಅವಳನ್ನು ಒಯ್ದಾಗಿತ್ತು.

ಈಗ ಆ ಹಾಸಿಗೆಯಲ್ಲಿ ಮಲಾಡಿನ ಒಬ್ಬ ಮುದುಕರು ಮಲಗುತ್ತಾರೆ. ಕಿವಿಗೆ ವೈರು ಸಿಕ್ಕಿಸಿ ಮೊಬೈಲು ನೋಡುತ್ತಾರೆ. ಬಾಗಿಲು ತೆರೆದರೆ ಯಂತ್ರದ ಸದ್ದಷ್ಟೇ ಕೇಳಿಸುತ್ತದೆ. ಅದೊಂದೇ ಕೇಳಿಸಲಿ ಎಂದೇ ನಾನು ಕಾದಿದ್ದೆನಲ್ಲ, ಕೇಳಿಸಿದಾಗ ಸಮಾಧಾನವಾಗಲಿಲ್ಲ.

ಮೊನ್ನೆ ಲೋಕಲ್ಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಅಂಧೇರಿ ದಾಟುವಾಗ ಇವರು ಅಂಗಿ ಸರಿಸಿ ಬೆಲ್ಟು ಸಡಿಲಿಸಿದರು. ಎಡಗೈ ಮೆಲ್ಲಗೆ ಪಕ್ಕೆಲುಬಿನ ಕೆಳಗೆ ಹೋಯಿತು.

"ಹೊಟ್ಟಿ ಉರೀಲಿಕ್ಕೆ ಹತ್ತೇದೇನು?" ಎಂದೆ.

ಇವರು ಬೆಚ್ಚಿ ನೋಡಿದರು. "ನಿನಗ ಹ್ಯಾಂಗ ತಿಳೀತು?"

"ಇಷ್ಟು ವರ್ಷ ಸಂಸಾರ ಮಾಡೇನಿ. ಅಷ್ಟೂ ತಿಳಿಯೂದಿಲ್ಲೇನು?"

ಇವರು, "ನಿನ್ನೆ ಸಂಜಿಯಿಂದ..." ಎಂದು ಶುರುಮಾಡಿ ದಾದರ್ ಬರುವವರೆಗೂ ಹೇಳಿದರು. ನಡುವೆ ಬಾಯಿ ಹಾಕದೆ ಕೇಳಿದೆ. ನೀಲವ್ವನ ಹೆಸರನ್ನು ನಾನು ಎತ್ತಲಿಲ್ಲ. ಅಷ್ಟನ್ನಾದರೂ ಅವಳಿಂದ ಕಸಿದುಕೊಳ್ಳಬೇಕಿತ್ತು ನನಗೆ.